ಹಿಂದೆ ಬೀಳುವ ಪಾಠ

ದುಬಲಗುಂಡಿಯಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಎಡಗಡೆ ಕಿಟಕಿಯ ಸೀಟಿಗೆ ಒಂದು ಕಾಲಕ್ಕೆ ಭಾರೀ ಬೇಡಿಕೆ ಇತ್ತು. ಊರು ದಾಟಿ ತೊಗರಿ ಹೊಲಗಳು ಶುರುವಾಗುತ್ತಿದ್ದಂತೆ ರಸ್ತೆಯ ಮಗ್ಗುಲಲ್ಲಿ ಒಂದು ಕೆಂಪು ಕುದುರೆ ಬಸ್ಸಿನ ಜೊತೆ ಪಂದ್ಯಕ್ಕೆ ಬೀಳುತ್ತಿತ್ತು. ಅದರ ಬೆನ್ನ ಮೇಲೆ ಬಿಳಿ ಗಡ್ಡದ ಲಾಲ್ ಅಹ್ಮದ್, ಹಲ್ಲು ಕಚ್ಚಿಕೊಂಡು ಲಗಾಮು ಜಗ್ಗುತ್ತಾ ಕೂತಿರುತ್ತಿದ್ದ. ಡ್ರೈವರ್ ದೇವಿದಾಸ ಬೇಕೆಂದೇ ಹಾರ್ನ್ ಹೊಡೆಯುವನು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ಬಾಗಿಲಿಗೆ ಬರುವನು. ಬಸ್ಸಿನಲ್ಲಿ ಹೆಂಗಸರಿಗೆ ಮಾತ್ರ ಪುಕ್ಕಟೆ, ಈ ತಮಾಷೆ ಎಲ್ಲರಿಗೂ ಪುಕ್ಕಟೆ.

ನೋಡುವವರಿಗೆ ಚೆಲ್ಲಾಟ, ಲಾಲ್ ಅಹ್ಮದನಿಗೆ ಪ್ರಾಣಸಂಕಟ. ಅವನು ಕುದುರೆಯನ್ನು ಓಡಿಸುತ್ತಿರಲಿಲ್ಲ, ಓಡದಂತೆ ತಡೆಯುತ್ತಿದ್ದ. ಓಡುವುದನ್ನು ಮರೆಸುವುದೇ ಅವನ ಕಸುಬು. ರೇಸಿನಿಂದ ನಿವೃತ್ತಿಯಾದ ಕುದುರೆಗಳನ್ನು ತಂದು, ಸಾಮಾನ್ಯ ಮನುಷ್ಯರು ಹತ್ತಿ ಕೂರುವ ಹಾಗೆ ಪಳಗಿಸಿ, ಒಂದು ಒಳ್ಳೆಯ ಮನೆ ನೋಡಿ ಕೊಡುವುದು. ಹೆಣ್ಣು ಕೊಟ್ಟ ಹಾಗೇ ಎಂದು ಅವನ ಹೆಂಡತಿ ಅಕ್ಬರಿ ಹೇಳುತ್ತಿದ್ದಳು. ಆದರೆ ಈ ಹೆಣ್ಣು ಎರಡು ಸಲ ತವರಿಗೆ ವಾಪಸ್ ಬಂದಿತ್ತು.

ಲಾಲ್ ಅಹ್ಮದನ ಮನೆತನ ಬಸವಕಲ್ಯಾಣದ ಟಾಂಗಾದವರದು. ಅಪ್ಪ ಬಸ್ ಸ್ಟ್ಯಾಂಡಿನಿಂದ ಕೋಟೆಯವರೆಗೆ ಟಾಂಗಾ ಹೊಡೆಯುತ್ತಿದ್ದ. ಆಟೋ ಬಂದವು, ಟಾಂಗಾ ಹೋಯಿತು. ಮೀಸೆ ಮೂಡುವ ವಯಸ್ಸಿನ ಲಾಲ್ ಅಹ್ಮದ್ ಹೈದರಾಬಾದಿಗೆ ಹೋಗಿ ರೇಸ್ ಕುದುರೆಗಳ ಲಾಯ ಸೇರಿದ. ಮೊದಲು ಲದ್ದಿ ಬಾಚಿದ, ಮೈ ತಿಕ್ಕಿದ, ಆಮೇಲೆ ನಸುಕಿನಲ್ಲಿ ಕುದುರೆಗಳಿಗೆ ಕಸರತ್ತು ಮಾಡಿಸುವ ಸವಾರನಾದ. ಅಲ್ಲಿಗೆ ಅವನ ಏಣಿ ಮುಗಿಯಿತು. ಮೈಕಟ್ಟು ಭಾರವೆಂದು, ಬಣ್ಣದ ಅಂಗಿ ತೊಟ್ಟು ಜನರ ಎದುರಿಗೆ ರೇಸಿನಲ್ಲಿ ಕೂರುವ ಯೋಗ ಅವನಿಗೆ ಒಂದು ದಿನವೂ ಬರಲಿಲ್ಲ. ಅವನು ತಯಾರು ಮಾಡಿದ ಕುದುರೆಗಳು ಗೆಲ್ಲುವಾಗ ಅವನು ಕಟಕಟೆಯ ಹಿಂದೆ ಬಕೀಟು ಹಿಡಿದು ನಿಂತಿರುತ್ತಿದ್ದ. ಈ ಕೊರಗನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಏನಾಯಿತು, ಅಕ್ಬರಿಗೆ ಗೊತ್ತಿತ್ತು.

ಮಗ ಏಜಾಜ್ ಹುಮನಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿ ಸಂಸಾರವಂದಿಗನಾದ ಮೇಲೆ ಗಂಡ ಹೆಂಡಿರು ಅಕ್ಬರಿಯ ತವರೂರು ದುಬಲಗುಂಡಿಗೆ ಬಂದರು. ಅವಳ ಪಾಲಿನ ಹೊಲ, ಒಂದು ಬಾವಿ, ದನದ ಕೊಟ್ಟಿಗೆ ಇತ್ತು. ಹೈದರಾಬಾದಿನ ಲಾಯದ ಯಜಮಾನ ಜಹೀರುದ್ದೀನ್ ಸಾಹೇಬರಿಗೆ ಆಗ ಒಂದು ಹೊಳಹು ಹೊಳೆಯಿತು. ರೇಸ್ ಕುದುರೆಯ ನೌಕರಿ ಐದಾರು ವರ್ಷದ್ದು, ಆಯುಷ್ಯ ಇಪ್ಪತ್ತೈದರದು. ಉಳಿದ ಕಾಲ ಅದು ಎಲ್ಲಿಗೆ ಹೋಗಬೇಕು? ದುಬಲಗುಂಡಿಗೆ ಹೋಗಲಿ ಎಂದರು.

ಅವುಗಳಿಗೆ ಹೊಸ ಜೀವನ ಕಲಿಸುವುದು ಅಂದರೆ ಹಳೆಯದನ್ನು ತಿರುವಿ ಹಾಕುವುದು. ರೇಸಿನ ಸವಾರ ಜಾಕಿಯನ್ನು ನಡೆಯುತ್ತಿರುವ ಕುದುರೆಯ ಮೇಲೆ ಎತ್ತಿ ಹಾಕುತ್ತಾರೆ, ಹೀಗಾಗಿ ಮನುಷ್ಯ ಹತ್ತುವಾಗ ನಿಂತಿರಬೇಕು ಎಂಬುದೇ ರೇಸ್ ಕುದುರೆಗೆ ಗೊತ್ತಿರುವುದಿಲ್ಲ. ಟಾಂಗಾ ಕುದುರೆಗೆ ಲಗಾಮು ಬಿಗಿಯಾದರೆ ನಿಲ್ಲು ಎಂದರ್ಥ. ರೇಸ್ ಕುದುರೆಗೆ ಲಗಾಮು ಬಿಗಿಯಾಗಿ, ಸವಾರ ಮೈ ಮುಂದಕ್ಕೆ ಚೆಲ್ಲಿದರೆ ಜೀವ ಬಿಟ್ಟು ಓಡು ಎಂದರ್ಥ. ಲಾಲ್ ಅಹ್ಮದ್ ತಾಳ್ಮೆಯಿಂದ ಎಲ್ಲ ಕಲಿಸುತ್ತಿದ್ದ. ಒಂದು ಕುದುರೆ ಕಲಬುರಗಿ ಕಡೆಯ ಸವಾರಿ ಶಾಲೆ ಸೇರಿ ಮಕ್ಕಳನ್ನು ಹೊತ್ತುಕೊಂಡು ಸುಖವಾಗಿತ್ತು. ಇನ್ನೊಂದು ಸೋಲಾಪುರದ ಡಾಕ್ಟರರ ತೋಟದಲ್ಲಿ ಮಾವಿನೆಲೆ ತಿಂದು ಬೊಜ್ಜು ಬೆಳೆಸಿಕೊಂಡಿತ್ತು.

ಆಮೇಲೆ ಬಂದದ್ದು ಈ ಕೆಂಪು ಕುದುರೆ. ಕಾಗದದಲ್ಲಿ ಅದರ ಹೆಸರು ಬಿಜಿಲಿ ಕಿಂಗ್. ಬಣ್ಣ ನೋಡಿ ಅಕ್ಬರಿ ಗುಲ್ಕಂದ್ ಎಂದಳು, ಅದೇ ನಿಂತಿತು. ಮಗುವಿನಂಥ ಸ್ವಭಾವ. ಅಕ್ಬರಿಯ ಸೆರಗು ಹಿಡಿದು ಬೆಲ್ಲ ಕೇಳುವುದು, ಆಡಿನ ಮರಿಗಳ ಪಕ್ಕದಲ್ಲಿ ಮಲಗುವುದು. ಒಂದೇ ಐಬು. ಹಿಂದಿನಿಂದ ಏನಾದರೂ ಬಂದು ಮುಂದೆ ಹೋಗುವಂತಿಲ್ಲ. ಬಸ್ಸಾಗಲಿ ಟ್ರ್ಯಾಕ್ಟರಾಗಲಿ, ಗುಲ್ಕಂದ್ ಅದಕ್ಕಿಂತ ಮುಂದೆ ಹೋಗಲೇಬೇಕು.

ಮೊದಲು ಒಯ್ದವರು ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದ ಮಹಾರುದ್ರಪ್ಪನವರು. ಸಕ್ಕರೆ ಕಾಯಿಲೆಗೆ ಸವಾರಿ ಒಳ್ಳೆಯದೆಂದು ಯಾರೋ ಹೇಳಿದ್ದರು. ಹೊಲಕ್ಕೆ ಹೊರಟಾಗ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಅವರು ಹೆದರಿ ಲಗಾಮು ಬಿಗಿ ಹಿಡಿದರು. ಕುದುರೆ ಅವರನ್ನು ಪಕ್ಕದ ಊರಿನವರೆಗೆ ಕೊಂಡೊಯ್ದು ನಿಲ್ಲಿಸಿತು.

“ಲಾಲಭಾಯಿ, ಶುಗರ್ ಇಳಿಸಾಕ ಕುದುರಿ ತಗೊಂಡಿದ್ದೆ, ಇದು ನನ್ನ ಜೀವಾನೇ ಇಳಿಸಾಕತ್ತದ. ನಿಮ್ಮ ಕುದುರಿ ನಿಮಗೇ ಇರಲಿ” ಎಂದು ಅವರು ಕೈಮುಗಿದರು. ಎರಡನೆಯ ಸಲ ಒಯ್ದವರು ಮಾತೂ ಆಡಲಿಲ್ಲ, ಲಾರಿಯಲ್ಲಿ ಹಾಕಿ ಕಳಿಸಿಬಿಟ್ಟರು.

ಜಹೀರುದ್ದೀನ್ ಸಾಹೇಬರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು: ಮೂರನೆಯ ಸಲ ವಾಪಸ್ ಬಂದರೆ ಗುಲ್ಕಂದ್ ಮದುವೆಯ ಮೆರವಣಿಗೆಯವರಿಗೆ ಹೋಗುತ್ತದೆ. ಹಿಂದಿನ ದೀಪಾವಳಿಯಲ್ಲಿ ದೂರದ ಪಟಾಕಿ ಸದ್ದಿಗೇ ಈ ಕುದುರೆ ಕೊಟ್ಟಿಗೆಯ ಬಾಗಿಲು ಮುರಿದು ಎದೆ ಸೀಳಿಕೊಂಡಿತ್ತು. ಬ್ಯಾಂಡು, ಸಿಡಿಮದ್ದು, ಕುಣಿಯುವ ಜನರ ನಡುವೆ ಅದು ಬದುಕುವ ಜೀವವಲ್ಲ.

ಆ ಹೊತ್ತಿಗೆ ಬಂದವಳು ಘಾಟಬೋರಾಳದ ಆಮ್ರಪಾಲಿ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಸವಾರಿ ಕಲಿತವಳು, ಊರಿನ ಹುಡುಗಿಯರಿಗೂ ಕಲಿಸಬೇಕೆಂದು ಹಟ ತೊಟ್ಟಿದ್ದಳು. ಗುಲ್ಕಂದನ ಕುತ್ತಿಗೆ ಸವರಿದಳು. ಅದು ಅವಳ ಹೆಗಲ ಮೇಲೆ ಗಲ್ಲ ಇಟ್ಟಿತು. ಇಬ್ಬರಿಗೂ ಮನಸ್ಸು ಬಂದದ್ದು ಕಾಣುತ್ತಿತ್ತು.

“ಚಾಚಾ, ಖರೇ ಹೇಳ್ರಿ. ಇದರ ಮ್ಯಾಲ ಹುಡುಗೇರ್ನ ಕುಂದ್ರಸಬಹುದೇನ್ರಿ?”

ಹೌದು ಎಂದಿದ್ದರೆ ಅವಳು ಆವತ್ತೇ ಒಯ್ಯುತ್ತಿದ್ದಳು. ಲಾಲ್ ಅಹ್ಮದ್ ಗಡ್ಡ ಕೆರೆದುಕೊಂಡ. “ಇವತ್ತಿಗಿ ಇಲ್ಲ ಬೇಟಿ. ತೊಗರಿ ರಾಶಿ ಮುಗಿಯೂತನಕ ಟೈಮ್ ಕೊಡು.”

“ಆಗ್ಲಿ ಚಾಚಾ. ಆದ್ರ ಬಸ್ಸು ಓಡಾಡೂ ರಸ್ತಾದಾಗೇ ನೋಡ್ತೀನಿ. ನಮ್ಮ ಊರಾಗೂ ಬಸ್ಸು ಬರ್ತಾವ.”

ಲಾಲ್ ಅಹ್ಮದ್ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದ. ಕುದುರೆ ಮನೆಯಂಗಳದಲ್ಲಿ ಸಾಧು, ರಸ್ತೆಗೆ ಬಂದರೆ ಬಿಜಿಲಿ ಕಿಂಗ್. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಊರ ಹಿರಿಯರು ಪುಕ್ಕಟೆ ತೀರ್ಪು ಕೊಟ್ಟರು. ಅವನಿಗೂ ಹಾಗೇ ಅನಿಸತೊಡಗಿತು. ರೊಟ್ಟಿ ಮುರಿಯುತ್ತಾ ಕುದುರೆಗೆ ಬೈಯುವನು, ನೀರು ಸೇದುತ್ತಾ ಬೈಯುವನು.

ಹೀಗಿರುವಾಗ ಬಸವಕಲ್ಯಾಣದಲ್ಲಿದ್ದ ಅವನ ತಂಗಿಯ ಮನೆಗೆ ಗಂಡ ಹೆಂಡಿರು ಮೊಪೆಡ್ ಮೇಲೆ ಹೊರಟರು. ಹಿಂದೆ ಕೂತ ಅಕ್ಬರಿಯ ತೊಡೆಯ ಮೇಲೆ ಉಪ್ಪಿನಕಾಯಿ ಬರಣಿ. ಹುಮನಾಬಾದ್ ದಾಟಿ ಹೆದ್ದಾರಿಗೆ ಬಂದಾಗ ಬೈಕಿನ ಮೇಲೆ ಒಬ್ಬ ಹುಡುಗ ಸರ್ರನೆ ಮುಂದೆ ಹೋದ. ಲಾಲ್ ಅಹ್ಮದನ ಬೆನ್ನು ಬಾಗಿತು. ಮೊಣಕೈ ಅಗಲವಾದವು. ತೊಡೆ ಸೀಟನ್ನು ಅವುಚಿ ಹಿಡಿದವು. ಮೊಪೆಡ್ ಕೀರಲು ದನಿಯಲ್ಲಿ ಕೂಗುತ್ತಾ ಹಾರಿತು, ಬರಣಿಯೂ ಹಾರಿತು. ಡಾಂಬರಿನ ಮೇಲೆ ಮಾವಿನ ಹೋಳು ಚೆಲ್ಲಾಪಿಲ್ಲಿ.

ಗಾಡಿ ನಿಲ್ಲಿಸಿದ. ಅಕ್ಬರಿ ಇಳಿದು, ಒಡೆದ ಬರಣಿಯನ್ನು ನೋಡಿ, ಗಂಡನನ್ನು ನೋಡಿದಳು.

“ಏಜಾಜನ ಅಬ್ಬಾ, ಆ ಮೂಕ ಜೀವಕ್ಕ ದಿನಾ ಬೈತೀರಿ. ಈಗ ಓಡಿದ್ದು ಯಾರ್ರಿ? ಗುಲ್ಕಂದನೋ ನೀವೋ?”

“ಆ ಹುಡುಗ ಎಷ್ಟ ಜೋರ ಹೋದ ನೋಡಿದಿಲ್ಲೇನು?”

“ಅವ ಹೋದ್ರ ನಿಮ್ಮ ಗಂಟೇನು ಹೋಯ್ತು? ಕುಣೀಲಿಕ್ಕ ಬರಲ್ದಕ್ಕಿ ನೆಲ ಡೊಂಕ ಅಂದಿದ್ಲಂತ. ಹಿಂದಿಂದ ಏನರ ಬಂತಂದ್ರ ನಿಮ್ಮ ಮುಷ್ಟಿ ಬಿಗೀತದ, ಮೈ ಮುಂದಕ್ಕ ಬೀಳ್ತದ. ಕುದುರಿ ಪಾಪ ನೀವು ಹೇಳಿದ್ದೇ ಕೇಳಾಕತ್ತದ!”

ಲಾಲ್ ಅಹ್ಮದ್ ರಸ್ತೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬಾಯಲ್ಲಿ ನಿಲ್ಲು ಎನ್ನುತ್ತಾ ಕೈಯಲ್ಲಿ ಓಡು ಎನ್ನುತ್ತಿದ್ದವನು ತಾನೇ. ಬಸ್ಸು ಬಂತೆಂದರೆ ಮೈಯೊಳಗಿನ ಹಳೆಯ ಸವಾರ ಎದ್ದು ಕೂರುತ್ತಿದ್ದ. ಹಿಂದಿನ ಕುದುರೆಗಳ ಮೇಲೆ ಹೀಗಾಗಿರಲಿಲ್ಲ, ಅವು ಕುಂಟುತ್ತಾ ಬಂದ ದಣಿದ ಜೀವಗಳು. ಗುಲ್ಕಂದನ ಕಾಲಲ್ಲಿ ಇನ್ನೂ ರೇಸಿತ್ತು. ಅದರ ಮೇಲೆ ಕೂತಾಗ ಲಾಲ್ ಅಹ್ಮದನಿಗೆ ತನಗೆ ಸಿಗದೇ ಹೋದ ಆ ದಿನ ಸಿಕ್ಕಂತಾಗುತ್ತಿತ್ತು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬಂತೆ, ಅವನ ಆಸೆ ಕುದುರೆಗೆ ಅಂಟಿತ್ತು. ನಾಚಿಕೆಯಾಯಿತು, ನಗುವೂ ಬಂತು. ಅಕ್ಬರಿ ಪಕ್ಕದಲ್ಲಿ ಕೂತು ಮಣ್ಣು ಹತ್ತದ ಒಂದು ಹೋಳನ್ನು ಅವನ ಬಾಯಿಗೆ ಇಟ್ಟಳು.

ಮರುದಿನ ಅವನು ಅದೇ ಊರಿನ ಶೇವಂತಾಬಾಯಿಯ ಅಂಗಳಕ್ಕೆ ಹೋದ. ಆಕೆಯ ಎಮ್ಮೆಗಳು ದಿನಾ ಬೆಳಿಗ್ಗೆ ಕೆರೆಗೆ ಹೋಗುತ್ತಿದ್ದವು. ಅವುಗಳ ಜೊತೆ ಕುದುರೆ ತರುತ್ತೇನೆ, ಒಂದೊಂದೇ ಎಮ್ಮೆ ನನ್ನನ್ನು ದಾಟಿ ಹೋಗಲಿ ಎಂದ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹೈದರಾಬಾದದಾಗ ರೇಸ್ ಕುದುರಿ ಹತ್ತಿದ ಲಾಲಭಾಯಿ ನನ್ನ ಎಮ್ಮಿ ಹಿಂದ ಬರ್ತಾರಂದ್ರ, ನನ್ನ ಎಮ್ಮಿಗೋಳಿಗಿ ಸೊಕ್ಕು ಬರ್ತದ ನೋಡ್ರಿ!”

ಅಕ್ಬರಿ ಒಂದು ಉಪಾಯ ಹೂಡಿದಳು. ಲಗಾಮು ಹಿಡಿಯುವ ಕೈಯೊಳಗೆ ಒಂದು ಹಸಿ ಕೋಳಿಮೊಟ್ಟೆ ಇಟ್ಟು ಕಳಿಸಿದಳು. ಮುಷ್ಟಿ ಬಿಗಿದರೆ ಗೊತ್ತಾಗಲಿ ಎಂದು. ಮೊದಲ ದಿನ ಎಮ್ಮೆ ಪಕ್ಕಕ್ಕೆ ಬರುವ ಮುಂಚೆಯೇ ಮೊಟ್ಟೆ ಒಡೆದು ತೋಳಿನ ತುಂಬ ಲೋಳೆ ಹರಿಯಿತು. ಕುದುರೆ ಎಗರಿತು, ಎಮ್ಮೆಗಳು ದಿಕ್ಕಾಪಾಲಾದವು, ಶೇವಂತಾಬಾಯಿ ಬೈಗುಳದ ಮಳೆ ಸುರಿಸಿದಳು. ಮಾರನೆಯ ದಿನವೂ ಒಡೆಯಿತು. ಅಂಗಿ ತೊಳೆದೂ ತೊಳೆದೂ ಅಕ್ಬರಿಗೆ ಸಾಕಾಯಿತು. ಆದರೂ ಅವಳು ಮೊಟ್ಟೆ ಕೊಡುವುದನ್ನು ಬಿಡಲಿಲ್ಲ, ಅವನು ಹೋಗುವುದನ್ನು ಬಿಡಲಿಲ್ಲ.

ಎಮ್ಮೆಗೆ ಅವಸರವಿಲ್ಲ. ದಾರಿಯಲ್ಲಿ ನಿಲ್ಲುತ್ತದೆ, ಯೋಚಿಸುತ್ತದೆ, ಸೆಗಣಿ ಹಾಕುತ್ತದೆ, ಮತ್ತೆ ನಡೆಯುತ್ತದೆ. ಅವುಗಳ ಜೊತೆ ಇದ್ದೂ ಇದ್ದೂ ಲಾಲ್ ಅಹ್ಮದ್ ಜನ್ಮದಲ್ಲಿ ನೋಡದ್ದನ್ನೆಲ್ಲ ನೋಡತೊಡಗಿದ. ತೊಗರಿ ಹೂ ಹಳದಿಯಾಗುವುದು, ಕಾಯಿ ಕಟ್ಟುವುದು, ಗಿಳಿಗಳು ಬರುವುದು. ಕುದುರೆಯ ಮೇಲೆ ಕೂತು ಇಷ್ಟು ನಿಧಾನವಾಗಿ ಅವನು ಎಂದೂ ಹೋಗಿರಲಿಲ್ಲ. ಹಿಂದೆ ಸದ್ದಾದರೆ ಈಗ ಉಸಿರು ಬಿಟ್ಟು, ಬೆನ್ನು ಸಡಿಲಿಸಿ, ಹೋಗಲಿ ಬಿಡು ಎಂದುಕೊಳ್ಳುತ್ತಿದ್ದ. ಕುದುರೆಯ ಕಿವಿ ಒಮ್ಮೆ ಹಿಂದಕ್ಕೆ ತಿರುಗಿ, ಹೇಗಿದ್ದೀ ಎಂದು ಕೇಳಿದಂತೆ ಮಾಡಿ, ಮತ್ತೆ ಸುಮ್ಮನಾಗುತ್ತಿತ್ತು. ಒಂದು ದಿನ ಎಮ್ಮೆಗಳ ಜೊತೆಗೆ ರಾಶಿ ಯಂತ್ರದ ಟ್ರ್ಯಾಕ್ಟರೂ ದಾಟಿ ಹೋಯಿತು. ಮನೆಗೆ ಬಂದು ಅಂಗೈ ತೆರೆದ. ಮೊಟ್ಟೆ ಬೆಚ್ಚಗೆ, ಇಡಿಯಾಗಿ ಕೂತಿತ್ತು. ಅಕ್ಬರಿ ಅದನ್ನು ಬೇಯಿಸಿ, ಖಾರ ಉಪ್ಪು ಹಚ್ಚಿ, ಅರ್ಧ ಅವನಿಗೆ ಕೊಟ್ಟು ಅರ್ಧ ತಾನು ತಿಂದಳು.

ರಾಶಿ ಮುಗಿಯಿತು. ಆಮ್ರಪಾಲಿ ಬಂದಳು. ಕಲ್ಲಿನ ಮೇಲೆ ನಿಂತು ಹತ್ತಿದಳು, ಗುಲ್ಕಂದ್ ಕದಲದೆ ನಿಂತಿತ್ತು. ಇಬ್ಬರೂ ಬಸ್ಸಿನ ರಸ್ತೆಗೆ ಇಳಿದರು. ಲಾಲ್ ಅಹ್ಮದ್ ಹಿಂದೆ ಹಿಂದೆ ನಡೆದ, ಅವನ ಹಿಂದೆ ಅಕ್ಬರಿ. ತನ್ನ ಕೈಯ ಬಿಗಿ ಹೋಗಿದೆ, ಸರಿ. ಕುದುರೆಯ ಮನಸ್ಸಿನಿಂದ ಹೋಗಿದೆಯೇ? ಇನ್ನೊಬ್ಬರ ಕೈಯಲ್ಲಿ ಅದು ಹೇಗಿರುತ್ತದೆ?

ಹಿಂದಿನಿಂದ ಬಸ್ಸು ಬಂತು. ಬಹಳ ದಿನದ ಮೇಲೆ ಕುದುರೆಯನ್ನು ರಸ್ತೆಯಲ್ಲಿ ಕಂಡ ದೇವಿದಾಸ ಖುಷಿಯಿಂದ ಹಾರ್ನ್ ಒತ್ತಿದ. ಕಿಟಕಿಗಳಿಂದ ತಲೆಗಳು ಹೊರಬಂದವು. ಗುಲ್ಕಂದನ ಕುತ್ತಿಗೆ ನೆಟ್ಟಗಾಯಿತು, ಮುಂಗಾಲು ಒಂದು ಸಲ ಜಿಗಿಯಿತು. ಆಮ್ರಪಾಲಿ ಲಗಾಮು ಬಿಗಿಯಲಿಲ್ಲ. ಅದರ ಹೆಗಲನ್ನು ಮೆಲ್ಲಗೆ ತಟ್ಟಿ ಏನೋ ಹೇಳಿದಳು. ಬಸ್ಸು ಪಕ್ಕಕ್ಕೆ ಬಂತು, ಸಮನಾಯಿತು, ಮುಂದಾಯಿತು. ಕುದುರೆ ಒಂದು ದೊಡ್ಡ ಸೀನು ಸೀನಿ, ತಲೆ ಕೆಳಗೆ ಹಾಕಿ, ಧೂಳಿನಲ್ಲಿ ಹೆಜ್ಜೆ ಹಾಕುತ್ತಾ ನಡೆಯಿತು.

“ಸೋತಾ!” ಲಾಲ್ ಅಹ್ಮದ್ ಎರಡೂ ಕೈ ಎತ್ತಿ ಬಸ್ಸಿನ ಹಿಂದೆ ಓಡುತ್ತಾ ಕೂಗಿದ. “ಏ ದೇವಿದಾಸಾ, ನೋಡೋ! ನನ್ನ ಗುಲ್ಕಂದ್ ಸೋತಾ!”

ಬಸ್ಸಿನವರಿಗೆ ಏನೂ ತಿಳಿಯಲಿಲ್ಲ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ನಕ್ಕರು. ಅವನ ಕಣ್ಣಿಂದ ನೀರು ಇಳಿದು ಗಡ್ಡ ನೆನೆಯುತ್ತಿತ್ತು. ಹೈದರಾಬಾದಿನಲ್ಲಿ ಯಾವ ಕುದುರೆ ಗೆದ್ದಾಗಲೂ ಅವನು ಅಷ್ಟು ಜೋರಾಗಿ ಕೂಗಿರಲಿಲ್ಲ.