ಎರಡು ಸಲ ನೋಡುವ ರೇವಣಪ್ಪ

ಇಂಡಿ ಊರಿನ ದವಾಖಾನೆಯಲ್ಲಿ ರಕ್ತ ಮೂತ್ರ ಪರೀಕ್ಷಿಸುವ ರೇವಣಪ್ಪನವರಿಗೆ ಯಾವುದನ್ನೂ ಒಂದೇ ಸಲ ನೋಡಿ ಗೊತ್ತಿಲ್ಲ. ಬಸ್ಸಿನ ಮುಂದೆ ‘ಸಿಂದಗಿ’ ಎಂದು ಓದಿ, ಹಿಂದಿನ ಬೋರ್ಡನ್ನೂ ಓದಿ ಬರುವಷ್ಟರಲ್ಲಿ ಬಸ್ಸು ಸಿಂದಗಿಯ ದಾರಿ ಹಿಡಿದಿರುತ್ತದೆ. ಪಲ್ಯ ಬಡಿಸಿದರೆ ಒಂದು ತುತ್ತು ತಿಂದು, ನೀರು ಕುಡಿದು, ಇನ್ನೊಂದು ತುತ್ತು ತಿಂದ ಮೇಲೆಯೇ ಉಪ್ಪಿನ ಮಾತು. “ಪಲ್ಯಾಕ್ಕೂ ಪರೀಕ್ಷಾ ಏನ್ರಿ?” ಎಂದು ಹೆಂಡತಿ ಚಂದವ್ವ ನಗುವವಳು. ಮೆದುಳು ಜ್ವರದವರ ಬೆನ್ನುಹುರಿಯಿಂದ ತೆಗೆದ ನೀರು ಬಂದರಂತೂ ಅವರು ಬೇರೊಂದು ಲೋಕದಲ್ಲಿ ಮುಳುಗಿಬಿಡುತ್ತಾರೆ. ಒಬ್ಬೊಬ್ಬರ ನೀರನ್ನೂ ಎರಡೆರಡು ಟ್ಯೂಬಿಗೆ ಹಂಚಿ, ಔಷಧಿ ಬೆರೆಸಿ, ಟ್ಯೂಬಿಗೆ ಅಂಟಿಸಿದ ಹೆಸರಿನ ಚೀಟಿಗಳನ್ನು ಗೋಡೆಯ ಕಡೆ ತಿರುಗಿಸಿ, ಯಾವುದು ಯಾರದೆಂದು ತಮಗೇ ತಿಳಿಯದಂತೆ ಕಲೆಸಿ, ಒಂದೊಂದನ್ನೇ ಕಿಟಕಿಯಾಚೆಯ ಬೇವಿನೆಲೆಗಳ ನಡುವಿನಿಂದ ಸೋಸಿ ಬರುವ ಬೆಳಕಿಗೆ ಹಿಡಿಯುತ್ತಾರೆ. ಮಬ್ಬು ಹೆಚ್ಚಿದಷ್ಟೂ ಬೇನೆ ಹೆಚ್ಚು. ಮುಂಜಾವಿನ ಮಂಜಿನಲ್ಲಿ ಯಾರನ್ನೋ ಹುಡುಕುವವರಂತೆ ಆ ಮಬ್ಬಿನೊಳಗೆ ನೋಡುತ್ತಾರೆ. ಒಬ್ಬರ ಎರಡು ಟ್ಯೂಬೂ ಒಂದೇ ಮಾತು ಹೇಳಿದರೆ ನಂಬುತ್ತಾರೆ, ಇಲ್ಲವಾದರೆ ಮತ್ತೆ ಮೊದಲಿನಿಂದ. “ಹೆಸರು ಕಂಡ್ರ ಕಣ್ಣು ಕರುಣಾ ತೋರಸ್ತಾವ್ರಿ” ಎನ್ನುತ್ತಾರೆ. ಸಾವಿರದ ಒಂಬೈನೂರ ಎಪ್ಪತ್ತಾರರ ಈ ಬೇಸಿಗೆಯ ಮಧ್ಯಾಹ್ನ ಬಂದದ್ದು ಒಬ್ಬರ ನೀರು ಮಾತ್ರ, ಪಕ್ಕದ ವಾರ್ಡಿನಲ್ಲಿ ಜ್ವರದಿಂದ ಕನವರಿಸುತ್ತಿರುವ ಚಂದವ್ವನದು. ರೇವಣಪ್ಪ ಚೀಟಿಗಳನ್ನು ಎಂದಿನಂತೆ ಗೋಡೆಗೆ ತಿರುಗಿಸಿದರು. ಎರಡು ಟ್ಯೂಬೂ ತಿಳಿಯಾಗಿ ಕಂಡವು. ಮತ್ತೆ ನೋಡಿದರು, ಮತ್ತೂ ತಿಳಿ. ರಜೆ ಮುಗಿಸಿ ಆಗಷ್ಟೇ ಬಂದಿದ್ದ ನರ್ಸ್ ಹನಮವ್ವನನ್ನು ಕರೆದು ಟ್ಯೂಬುಗಳನ್ನು ಕೈಗಿತ್ತರು. “ಯಾರದಂತ ಕೇಳಬ್ಯಾಡ್ರಿ ಸಿಸ್ಟರ್. ತಿಳಿ ಐತೋ, ಮಬ್ಬೈತೋ, ಅಷ್ಟ ನೋಡಿ ಹೇಳ್ರಿ” ಎಂದು, ತಾವೂ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.