ಶಾಂತಾದೇವಿ ಟೀಚರ್ ಹಾಡುತ್ತಿದ್ದ ಹಾಜರಿ

ಶಾಂತಾದೇವಿ ಟೀಚರ್ ತೀರಿಕೊಂಡ ಹದಿನೈದನೆಯ ದಿನ ಚನ್ನಗಿರಿಯಲ್ಲಿ ಶಿಕ್ಷಕರೆಲ್ಲ ಸೇರಿ ನುಡಿನಮನ ಇಟ್ಟುಕೊಂಡಿದ್ದರು. ಒಬ್ಬೊಬ್ಬರೇ ಮೈಕ್ ಹಿಡಿದು ‘ಮೃದುಭಾಷಿ’ ಎಂದರು, ‘ಸರಳಜೀವಿ’ ಎಂದರು. ಮೃದುಭಾಷಿಯಂತೆ! ಹೋಂವರ್ಕ್ ಮಾಡದೆ ಬಂದವರನ್ನು ಆಕೆ ಬೈಯುತ್ತಿದ್ದದ್ದು ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕೇಳುತ್ತಿತ್ತು. ನನ್ನ ಸರದಿ ಬಂದಾಗ ಫೋಟೋಕ್ಕೆ ಹೂ ಹಾಕಿ ಸುಮ್ಮನೆ ಬಂದು ಕೂತೆ. ‘ಇಷ್ಟು ವರ್ಷ ಒಂದೇ ಶಾಲೇಲಿ ಇದ್ದೋರು, ಎರಡು ಮಾತಾಡಾಕೆ ಆಗಲಿಲ್ವಾ’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಆಗಲಿಲ್ಲ. ಆಡಬೇಕಾದದ್ದು ಎರಡು ಮಾತಾಗಿದ್ದರೆ ಆಡುತ್ತಿದ್ದೆ.

ಟೀಚರ್ ತ್ಯಾವಣಿಗೆಯವರು. ಅಪ್ಪನ ಭಜನೆ ತಂಡದ ಹಾರ್ಮೋನಿಯಂ ಇತ್ತು, ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಗಂಡಸರು ಊಟಕ್ಕೆ ಎದ್ದಾಗಲೆಲ್ಲ ಅದನ್ನು ಕದ್ದು ನುಡಿಸಿ ಕಲಿತವರು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ಆಮೇಲೆ ಕೆಲಸ ಸಿಕ್ಕಿ ಜಗಳೂರು ತಾಲ್ಲೂಕಿನ ನಮ್ಮೂರಿಗೆ ಬಂದು ಇಳಿದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಆ ಪೇಟಿ. ನಮ್ಮಪ್ಪ ಗಾದ್ರಪ್ಪ ಅದನ್ನು ಹೊಲಿಗೆ ಮಿಷನ್ ಅಂದುಕೊಂಡು ಅಂಗಿ ಹೊಲಿಸಲು ಬಟ್ಟೆ ತೆಗೆದುಕೊಂಡು ಹೋಗಿದ್ದ.

ಪ್ರತಿ ಏಪ್ರಿಲ್‌ನಲ್ಲಿ ಪಾಸು ಫೇಲು ಹೇಳಿದ ಮರುದಿನವೇ ಟೀಚರ್ ಚಿಕ್ಕಜಾಜೂರಿಗೆ ಹೋಗಿ ರೈಲು ಹತ್ತುತ್ತಿದ್ದರು. ಪುರಿ, ದ್ವಾರಕೆ, ಅಮೃತಸರ, ಗುವಾಹಟಿ. ಒಬ್ಬರೇ. ‘ಗಂಡ ಇಲ್ಲದ ಹೆಂಗಸು, ಯಾರನ್ನ ನೋಡಾಕೆ ಹೋಗ್ತಾಳೋ’ ಎಂದು ಊರು ಆಡಿಕೊಳ್ಳುತ್ತಿತ್ತು. ತ್ಯಾವಣಿಗೆಯಲ್ಲಿ ಅವರ ತಮ್ಮ ರೇಣುಕಪ್ರಸಾದ್ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದರಂತೆ. ಟೀಚರ್ ಮಾತ್ರ ಕ್ಯಾರೇ ಅನ್ನಲಿಲ್ಲ. ಜೂನ್‌ನಲ್ಲಿ ಮುಖ ಕಪ್ಪಗೆ ಮಾಡಿಕೊಂಡು ವಾಪಸ್ ಬರುವಾಗ ಒಂದು ಹೊಸ ಧಾಟಿ ಕಲಿತು ತರುತ್ತಿದ್ದರು. ದೋಣಿಯವರದ್ದೋ, ಒಂಟೆಯವರದ್ದೋ, ಪ್ಲಾಟ್‌ಫಾರಂ ಗುಡಿಸುವವರದ್ದೋ. ಆ ವರ್ಷದ ಹಾಜರಿ ಆ ಧಾಟಿಯಲ್ಲಿ.

ಹೌದು, ಅವರು ಹಾಜರಿಯನ್ನು ಹಾಡುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷದ ಧಾಟಿ ವಾರ್ಧಾ ಸ್ಟೇಷನ್ನಿನಲ್ಲಿ ಪೇರಲ ಹಣ್ಣು ಮಾರುವಾಕೆಯದ್ದು. ‘ಓಬಣ್ಣಾ’ ಎಂದು ಮೇಲಕ್ಕೆ ಎತ್ತಿ ನಿಲ್ಲಿಸುತ್ತಿದ್ದರು. ಅವನು ಅದೇ ಸ್ವರಕ್ಕೆ ‘ಹಾಜರ್ ರೀ’ ಎಂದರೆ ಮುಂದಿನ ಹೆಸರು. ಉತ್ತರ ಬರದಿದ್ದರೆ ಮೂರು ಸಲ ಕರೆಯುತ್ತಿದ್ದರು. ಮೂರನೆಯದಕ್ಕೂ ಇಲ್ಲವೆಂದರೆ ಹಾಡು ಅಲ್ಲೇ ನಿಂತಿತು. ಬಾಗಿಲ ಕಡೆ ಕೈ ತೋರಿಸಿ, ‘ಹೋಗಿ ಕರ್ಕಂಡು ಬಾ’ ಎಂದು ಒಬ್ಬರನ್ನು ಮನೆಗೆ ಓಡಿಸುತ್ತಿದ್ದರು. ಆ ಮಗು ಬರುವ ತನಕ ಪಾಠವಿಲ್ಲ. ಬಂದ ಮೇಲೆ ಬೈಗುಳ, ಆಮೇಲೆ ಅವರ ಪಕ್ಕದಲ್ಲೇ ಜಾಗ, ಪೇಟಿಯ ಗಾಳಿ ಒತ್ತುವ ಕೆಲಸ.

ನನ್ನ ನಂಬರ್ ಇಪ್ಪತ್ಮೂರು. ತಂಗಿ ಸುನಿತಾ ಹುಟ್ಟಿದಾಗ ನಮ್ಮವ್ವ ಭೀಮಕ್ಕ ಕೂಸು ನೋಡಿಕೊಳ್ಳಲಿ ಎಂದು ನನ್ನ ಶಾಲೆ ಬಿಡಿಸಿದಳು. ಒಂಬತ್ತು ದಿನ ಓಬಣ್ಣ ಬಂದು ಬಂದು ಹೋದ. ಹತ್ತನೆಯ ದಿನ ಟೀಚರೇ ಬಂದು, ‘ಭೀಮಕ್ಕ, ಕೂಸನ್ನೂ ಕಳಿಸ್ರಿ, ಪೇಟಿ ಹತ್ರ ಮಲಗಿಸ್ಕೋತೀನಿ’ ಎಂದರು. ಅವ್ವ ನಾಚಿಕೊಂಡು ಕಳಿಸಿದಳು. ನಾನು ಇವತ್ತು ಟೀಚರ್ ಆಗಿದ್ದರೆ ಅದೇ ಕಾರಣ.

ಈಗ ನನ್ನ ಘನಂದಾರಿ ಕೆಲಸ ಕೇಳಿ. ಟೀಚರ್ ಸವಳಂಗ, ಹೊನ್ನಾಳಿ ಎಲ್ಲ ಸುತ್ತಿ ನಲ್ಲೂರಿನ ಕಡೆಯ ಒಂದು ಶಾಲೆಗೆ ಬಂದಾಗ ನಾನೂ ವರ್ಗವಾಗಿ ಅಲ್ಲಿಗೇ ಬಂದೆ. ‘ವಿಜೀ, ನೀನು ಬಂದ್ಯೇನೇ’ ಎಂದು ಎಲ್ಲರ ಮುಂದೆ ಕೆನ್ನೆ ಹಿಂಡಿದ್ದರು. ಆಮೇಲೆ ಮುಖ್ಯ ಶಿಕ್ಷಕಿಯ ಚಾರ್ಜು ನನ್ನ ತಲೆಗೆ ಬಿತ್ತು. ಹಾಜರಿಯನ್ನು ಮೊಬೈಲಿನಲ್ಲಿ ಹಾಕಬೇಕು, ಅದೂ ಹತ್ತೂ ಕಾಲಿನೊಳಗೆ. ಟೀಚರ ಕ್ಲಾಸಿನದ್ದು ದಿನಾ ತಡ. ಒಂದು ದಿನ ಮೇಲಿನವರು ಫೋನಿನಲ್ಲಿ ಬೈದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟನ್ನು ಹಾಗೇ ಹೊತ್ತುಕೊಂಡು ಹೋಗಿ ಅವರ ಕ್ಲಾಸಿನ ಬಾಗಿಲಲ್ಲಿ ನಿಂತು, ಮಕ್ಕಳ ಎದುರಿಗೇ, ‘ಟೀಚರ್, ಇದೇನು ನಾಟಕ ಕಂಪನಿಯಾ? ಮೊದಲು ಈ ಹಾಡು ನಿಲ್ಸಿ’ ಎಂದುಬಿಟ್ಟೆ.

ಪೇಟಿಯ ಮೇಲಿದ್ದ ಕೈ ತೆಗೆದರು. ‘ಆಯ್ತು ಮೇಡಂ’ ಎಂದರು.

ನಾನು ಅವರಿಗೆ ಮೇಡಂ! ಅವತ್ತಿನಿಂದ ನಿವೃತ್ತರಾಗುವ ತನಕ, ಪೂರಾ ಎರಡು ವರ್ಷ, ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಪೇಟಿ ಮನೆಗೆ ಹೋಯಿತು. ಏಪ್ರಿಲ್‌ನಲ್ಲಿ ರೈಲು ಹತ್ತುವುದನ್ನೂ ಬಿಟ್ಟರು. ‘ಇನ್ನು ಧಾಟಿ ತಂದು ಏನ್ ಮಾಡ್ಲಿ’ ಎಂದರಂತೆ ಬೇರೆಯವರ ಹತ್ತಿರ. ಒಂದು ಮಾತು, ‘ತಪ್ಪಾಯ್ತು ಟೀಚರ್’ ಅನ್ನುವುದಕ್ಕೆ ನನಗೇನು ದಾಡಿಯಾಗಿತ್ತು? ಇವತ್ತು, ನಾಳೆ ಎಂದು ದಿನ ತಳ್ಳಿದೆ.

ಅಷ್ಟರಲ್ಲಿ ಅವರು ನಿವೃತ್ತರಾಗಿ ತ್ಯಾವಣಿಗೆಯ ತಮ್ಮನ ಮನೆ ಸೇರಿದರು, ಅಲ್ಲೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಫೋನ್ ಮಾಡಿದರೆ ರೇಣುಕಪ್ರಸಾದ್, ‘ಯಾರನ್ನೂ ಬಿಡಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರೆ ಮೇಡಂ’ ಎಂದರು. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಯಾವ ಮುಖ ಹೊತ್ತು ಹೋಗಲಿ ಎಂದು ಎಂಟು ತಿಂಗಳು ಕಳೆದೆ.

ಕೊನೆಗೆ ತಡೆಯಲಾರದೆ ಒಂದು ಭಾನುವಾರ ಹೇಳದೆ ಕೇಳದೆ ತ್ಯಾವಣಿಗೆ ಬಸ್ಸು ಹತ್ತಿದೆ. ಬೆಳಗಿನ ಹತ್ತು ಗಂಟೆ. ಅವರ ಕೋಣೆಯ ಕಿಟಕಿ ಮುಚ್ಚಿತ್ತು, ಬಾಗಿಲೂ ಮುಚ್ಚಿತ್ತು. ರೇಣುಕಪ್ರಸಾದ್ ಅವರ ಹೆಂಡತಿ ಪ್ರಮೀಳಾ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. ‘ಏನ್ ಹೇಳ್ಲಿ ಮೇಡಂ, ಮಾತು ಒಂದೂ ಬರಲ್ಲ, ಹಾಡು ಮಾತ್ರ ಬರ್ತೈತೆ. ದಿನಾ ಇದೇ ಹೊತ್ತಿಗೆ ಯಾವನೋ ಒಬ್ಬನ ಹೆಸರು ಹಿಡಿದು ಹಾಡಿ ಹಾಡಿ ಕರೀತಾರೆ. ಕರೆದೂ ಕರೆದೂ ಅಳ್ತಾರೆ. ದೇಶ ಎಲ್ಲ ತಿರುಗಿದೋರು, ಎಲ್ಲಿ ಯಾರಿದ್ರೋ. ಓಣಿ ಜನ ಕೇಳಿದ್ರೆ ಮಾನ ಉಳಿತೈತಾ?’

‘ಯಾವ ಹೆಸರು?’ ಎಂದೆ.

ಹೇಳಲು ನಾಚಿ ಅವರು ಗಂಡನ ಕಡೆ ನೋಡಿದರು. ರೇಣುಕಪ್ರಸಾದ್ ನೆಲ ನೋಡುತ್ತ, ‘ಓಬಣ್ಣ’ ಎಂದರು.

ಅಯ್ಯೋ ಶಿವನೇ! ನನಗೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ‘ರೀ, ಓಬಣ್ಣ ನಮ್ಮ ಕ್ಲಾಸಿನ ಒಂದನೇ ನಂಬರ್ ಹುಡುಗ! ಈಗ ಜಗಳೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದಾನೆ, ಅವನಿಗೆ ಮೊಮ್ಮಗು ಐತೆ! ನಿಮ್ಮಕ್ಕ ಹಾಜರಿ ಕರೀತಿದಾರೆ ರೀ. ಉತ್ತರ ಬರೋ ತನಕ ಅವರಿಗೆ ಮುಂದೆ ಹೋಗಾಕೆ ಬರಲ್ಲ!’ ಎಂದು ಕೂಗಾಡಿದೆ. ರೇಣುಕಪ್ರಸಾದ್ ಗೋಡೆಗೆ ಒರಗಿ ನಿಂತುಬಿಟ್ಟರು. ಎಂಟು ತಿಂಗಳು ಒಂದನೇ ಹೆಸರಿನಲ್ಲೇ ನಿಂತಿದ್ದಾರೆ ಟೀಚರ್. ಇವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬರಲಿಲ್ಲ. ಕೂಗಾಡುವ ಯೋಗ್ಯತೆ ನನಗಾದರೂ ಎಲ್ಲಿತ್ತು?

ಬಾಗಿಲು ತೆಗೆದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು, ಕೂದಲು ಕತ್ತರಿಸಿದ್ದರು. ನನ್ನನ್ನು ನೋಡಿದ ಕಣ್ಣಿನಲ್ಲಿ ಗುರುತು ಇರಲಿಲ್ಲ. ‘ಓಬಣ್ಣಾ’ ಎಂದರು, ಪೇರಲ ಮಾರುವಾಕೆಯ ಅದೇ ಧಾಟಿ, ಸ್ವರ ಒಂದಿಷ್ಟೂ ಜಾರಿರಲಿಲ್ಲ.

‘ಹಾಜರ್ ರೀ’ ಎಂದೆ.

ಟೀಚರ ಮುಖ ಅರಳಿತು. ‘ಕೊಟ್ರೇಶಾ.’ ‘ಹಾಜರ್ ರೀ.’ ‘ಚಿಕ್ಕಹನುಮಂತಪ್ಪಾ.’ ‘ಹಾಜರ್ ರೀ.’ ಒಂದೊಂದೇ ಹೆಸರು ಬಂತು. ನಾನು ಮರೆತಿದ್ದವರು, ಸತ್ತವರು, ಲಗ್ನವಾಗಿ ಹೋದವರು, ಎಲ್ಲರ ಪರವಾಗಿ ನಾನೇ ಹಾಜರ್ ಎಂದೆ. ಹದಿನೈದಕ್ಕೆ ಉಸಿರು ಸೋತಿತು. ಪ್ರಮೀಳಾ ಅಳುತ್ತ ಚಮಚದಲ್ಲಿ ನೀರು ಕುಡಿಸಿದರು. ಹದಿನಾರು, ಹದಿನೇಳು. ನಾನು ಬೆರಳು ಎಣಿಸುತ್ತಿದ್ದೆ. ಇಷ್ಟು ವರ್ಷದ ಮೇಲೆ ಆ ಬಾಯಲ್ಲಿ ನನ್ನ ಹೆಸರು ಬರುತ್ತದೋ, ಮೇಡಂ ಆದವಳನ್ನು ಹಾಡಿನಿಂದಲೂ ತೆಗೆದುಬಿಟ್ಟಿದ್ದಾರೋ ಎಂದು ಅವರ ಬಾಯನ್ನೇ ನೋಡುತ್ತಿದ್ದೆ. ಇಪ್ಪತ್ತೊಂದು. ಇಪ್ಪತ್ತೆರಡು, ಲಕ್ಷ್ಮಿದೇವಿ. ‘ಹಾಜರ್ ರೀ.’

‘ವಿಜಯಶ್ರೀ’ ಎಂದರು.

ಇಪ್ಪತ್ತೆರಡು ಜನರ ಪರವಾಗಿ ಕೂಗಿದವಳಿಗೆ ನನ್ನದೊಂದಕ್ಕೆ ಸ್ವರ ಹೊರಡಲಿಲ್ಲ. ‘ವಿಜಯಶ್ರೀ’ ಎಂದು ಎರಡನೇ ಸಲ ಕರೆದರು. ಬಾಯಿಗೆ ಸೆರಗು ಒತ್ತಿಕೊಂಡೆ. ಮೂರನೆಯ ಸಲವೂ ಕರೆದರು. ಆಮೇಲೆ ಹಾಡು ನಿಲ್ಲಿಸಿ, ಆಡುತ್ತಿದ್ದ ಒಂದೇ ಕೈಯನ್ನು, ಎಡಗೈಯನ್ನು, ಎತ್ತಿ ನನಗೆ ಬಾಗಿಲು ತೋರಿಸಿದರು.

‘ಹೊರಗೆ ಹೋಗು ಅಂತಿದಾರೆ, ಬೇಜಾರು ಮಾಡ್ಕಬೇಡ್ರಿ ಮೇಡಂ’ ಎಂದರು ರೇಣುಕಪ್ರಸಾದ್.

ಅಲ್ಲ. ವಿಜಯಶ್ರೀ ಶಾಲೆಗೆ ಬಂದಿಲ್ಲ, ಹೋಗಿ ಕರ್ಕಂಡು ಬಾ ಎಂದು ನನ್ನನ್ನು ಕಳಿಸುತ್ತಿದ್ದರು.

ಎದ್ದು ಹೋದೆ. ಜಗಲಿಯಲ್ಲಿ ನಿಂತು ಜೋರಾಗಿ ಅತ್ತೆ, ಓಣಿ ಜನ ನೋಡಿದರೆ ನೋಡಲಿ. ಮುಖ ಒರೆಸಿಕೊಂಡು ವಾಪಸ್ ಬಂದು ಬಾಗಿಲಲ್ಲಿ ಕೈ ಕಟ್ಟಿ ನಿಂತು, ‘ಬರ್ಲೇನ್ರೀ ಟೀಚರ್? ತಪ್ಪಾಯ್ತು ರೀ, ತಡ ಆಯ್ತು’ ಎಂದೆ. ಟೀಚರ್ ನನ್ನ ಕಡೆ ತಿರುಗಿದರು. ಹುಬ್ಬು ಗಂಟಿಕ್ಕಿತು. ಬೈಯಲು ಬಾಯಿ ಆಡಿಸಿದರು, ಮಾತು ಬರಲಿಲ್ಲ. ಎಡಗೈಯಿಂದ ಮಂಚದ ಮೇಲೆ ತಮ್ಮ ಪಕ್ಕದ ಜಾಗವನ್ನು ಎರಡು ಸಲ ತಟ್ಟಿದರು.

ನಾನು ಹೋಗಿ ಕೂತ ಮೇಲೆ ಇಪ್ಪತ್ನಾಲ್ಕನೆಯ ಹೆಸರು ಕರೆದರು.