ಮಿರ್ಚಿ ಹಂಚಿ ಇಟ್ಟ ಹೆಸರು

ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಗಂಟೆ ಬಾರಿಸಿದವನು ನಾನು. ಅಷ್ಟರಲ್ಲಿ ಎಷ್ಟೋ ಮಂದಿ ಪ್ರಿನ್ಸಿಪಾಲರು ಬಂದು ಹೋದರು. ಅವರ ಹೆಸರು ಈಗ ಯಾರಿಗೂ ನೆನಪಿಲ್ಲ, ನಾನಿಟ್ಟ ಅಡ್ಡಹೆಸರುಗಳು ಮಾತ್ರ ಇನ್ನೂ ಚಾಲ್ತಿಯಲ್ಲಿವೆ. ಸಪ್ಪಳ ಮಾಡದೆ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದವರು 'ಬೆಕ್ಕು'. ಪಾಠದ ನಡುವೆ ತಟ್ಟನೆ ನಿಂತುಬಿಡುತ್ತಿದ್ದ ಫಿಸಿಕ್ಸ್ ಸರ್ 'ಪವರ್ ಕಟ್'. ಫೈಲುಗಳನ್ನೆಲ್ಲ ಹಿಡಿದಿಟ್ಟುಕೊಂಡು ವರ್ಷಕ್ಕೊಮ್ಮೆ ಒಟ್ಟಿಗೇ ಬಿಡುತ್ತಿದ್ದ ಮುನಿರಾಬಾದಿನ ಗುಮಾಸ್ತರಿಗೆ 'ಡ್ಯಾಮ್' ಎಂದಿಟ್ಟೆ. ಅವರು ನಿವೃತ್ತಿಯ ಸಭೆಯಲ್ಲಿ ಕಣ್ಣೀರು ಹಾಕಿದಾಗ ಹಿಂದಿನಿಂದ ಯಾರೋ, "ಗೇಟ್ ಎತ್ತ್ಯಾರ, ಸರೀರಿ" ಎಂದರು. ಸಭೆ ಹತ್ತು ನಿಮಿಷ ನಿಂತಿತು. ಹಾಗೆಂದವರು ಯಾರೆಂದು ವಿಚಾರಣೆಯೂ ಆಯಿತು, ಸಿಗಲಿಲ್ಲ. ವಿಚಾರಣೆಯ ನೋಟಿಸನ್ನು ಕ್ಲಾಸಿನಿಂದ ಕ್ಲಾಸಿಗೆ ಒಯ್ದು ಓದಿದವನು ನಾನೇ.

ನಾನು ನಿವೃತ್ತನಾಗಿ ಮನೆಯಲ್ಲಿ ಕೂತಾಗ ಒಂದು ವಾರದೊಳಗೆ ನನ್ನ ಹೆಂಡತಿಗೆ ಮೂರು ಹೆಸರಿಟ್ಟೆ. ಅವಳೇ ನನ್ನನ್ನು ಹೊರಗೆ ಹಾಕಿದಳು. ಕಾಲೇಜಿನ ಗೇಟಿನ ಎದುರಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿಯ ಅಂಗಡಿ ಇಟ್ಟೆ. ನನ್ನ ಮಿರ್ಚಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಗಂಗಾವತಿಯಿಂದ ಬರುವ ಲೆಕ್ಚರರುಗಳು ಮನೆಯ ಡಬ್ಬಿ ಹಾಗೇ ಇಟ್ಟು ನನ್ನಲ್ಲಿ ತಿನ್ನುತ್ತಿದ್ದರು ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ.

ಅಂಗಡಿಯ ಮುಂದೆ ಒಂದು ಉದ್ದನೆಯ ಹಾಸುಗಲ್ಲು. ಬೆಳಿಗ್ಗೆ ಎಂಟೂವರೆಯಿಂದ ಗಂಡುಹುಡುಗರೆಲ್ಲ ಅದರ ಮೇಲೆಯೇ. ಅಲ್ಲಿ ಒಂದು ರೂಢಿ ಬೆಳೆಸಿದ್ದೆ. ಹೊಸ ಹೆಸರು ಹುಟ್ಟಿದ ದಿನ ಕಲ್ಲಿನ ಮೇಲೆ ಕೂತವರಿಗೆಲ್ಲ ಒಂದೊಂದು ಮಿರ್ಚಿ ಪುಕ್ಕಟೆ, ತೊಟ್ಟಿಲು ಹಾಕಿದಾಗ ಗುಗ್ಗರಿ ಹಂಚುವ ಹಾಗೆ. ಮತ್ತೆ ಒಂದು ಕಾಯ್ದೆ: ನಾನಿಟ್ಟ ಹೆಸರನ್ನು ಬೇರೆ ಯಾರೂ ಬದಲಿಸುವಂತಿಲ್ಲ. "ನಾ ಇಟ್ಟ ಹೆಸರು ಸುಡಗಾಡತನಕ ಬರ್ತೈತಿ" ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಯಲಬುರ್ಗಾ ಕಡೆಯ ಹಳ್ಳಿಯೊಂದರಿಂದ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳ ಬಸ್ಸು ಗಂಟೆ ಬಾರಿಸುವ ಹೊತ್ತಿಗೇ ಬಂದು ನಿಲ್ಲುವುದು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜಿಗಿದು, ಬ್ಯಾಗನ್ನು ಎದೆಗೆ ಅವಚಿಕೊಂಡು, ಅಂಗಡಿಯ ಮುಂದೆ ದಾಪುಗಾಲಲ್ಲಿ ಓಡಿ ಗೇಟಿನೊಳಗೆ ಹೋಗುವಳು. ಆ ಕಡೆಯವರು ರೈಲು ಬರುತ್ತದೆ, ರೈಲು ಬರುತ್ತದೆ ಎಂದು ಕಾದು ಮುದುಕರಾದವರು. ಒಂದು ಬೆಳಿಗ್ಗೆ ಅವಳು ಓಡುವುದನ್ನು ನೋಡಿ, ರೈಲು ಬರುವುದಕ್ಕೆ ಮೊದಲೇ 'ಯಲಬುರ್ಗಾ ಎಕ್ಸ್‌ಪ್ರೆಸ್' ಬಂತಲ್ಲ ಎಂದೆ. ಕಲ್ಲಿನ ಮೇಲೆ ಹದಿನಾಲ್ಕು ಮಂದಿ ಇದ್ದರು. ಹದಿನಾಲ್ಕು ಮಿರ್ಚಿ ಕೊಟ್ಟೆ.

ನನ್ನ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿಯಿತು. ಹುಡುಗರಿಗೆ ಅಲ್ಲಿಂದ ಶುರುವಾಯಿತು. ಮೊದಲು ಅವಳು ಇಳಿದ ಕೂಡಲೇ ಗಾರ್ಡಿನ ಹಾಗೆ ಸೀಟಿ ಹೊಡೆದರು. ಆಮೇಲೆ ಲ್ಯಾಬಿನ ಮೇಜಿನ ಮೇಲೆ ಬರೆದರು. ಆಮೇಲೆ, ಈ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ಯಾವಾಗ ನಿಲ್ಲುತ್ತದೆ ಎಂದು ಕೇಳುತ್ತಾ ಸಂಜೆ ಬಸ್ ನಿಲ್ದಾಣದತನಕ ಅವಳ ಹಿಂದೆ ಹೋದರು. ಅವಳು ತಲೆ ತಗ್ಗಿಸಿ ಇನ್ನೂ ಜೋರಾಗಿ ಓಡತೊಡಗಿದಳು. ಓಡಿದಷ್ಟೂ ಹೆಸರು ಗಟ್ಟಿಯಾಯಿತು. ಇದೆಲ್ಲ ನನಗೆ ಗೊತ್ತಿತ್ತು. ನನ್ನ ಹೆಸರು ಹೀಗೆ ಓಡುತ್ತಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ, ಚೈನು ಎಳೆದರೆ ಎಂಥ ಎಕ್ಸ್‌ಪ್ರೆಸ್ಸೂ ನಿಲ್ಲುತ್ತದೆ ಎಂದ. ಇನ್ನೊಬ್ಬ ಓಡುತ್ತಿದ್ದ ಅವಳ ವೇಲನ್ನು ಹಿಂದಿನಿಂದ ಹಿಡಿದು ಜಗ್ಗಿದ. ವೇಲು ಕುತ್ತಿಗೆಗೆ ಸುತ್ತಿಕೊಂಡು ಅವಳು ಹಿಂದಕ್ಕೆ ಬಿದ್ದಳು. ಮೊಣಕೈ ಒಡೆಯಿತು. ಕುತ್ತಿಗೆಯ ಮೇಲೆ ಕೆಂಪು ಗೆರೆ ಎದ್ದಿತು. ಎದ್ದು, ಚೆಲ್ಲಿದ ಪುಸ್ತಕ ಆಯ್ದುಕೊಂಡು, ಒಳಗೆ ಹೋಗದೆ ಅದೇ ಬಸ್ಸಿನ ಕಡೆ ತಿರುಗಿದಳು. ಎಣ್ಣೆ ಕಾದಿತ್ತು, ಮಿರ್ಚಿ ಬಿಡುತ್ತಿದ್ದೆ, ನಾನು ಪೂರ್ತಿ ನೋಡಲಿಲ್ಲ ಎಂದು ಮನೆಯಲ್ಲಿ ಹೆಂಡತಿಗೆ ಹೇಳಿದೆ. ನೋಡಿದ್ದೆ.

ಮರುದಿನದಿಂದ ಅವಳು ಬರಲಿಲ್ಲ. ಜಗ್ಗಿದವನನ್ನು ಕಾಲೇಜಿನವರು ಹೊರಗಿಟ್ಟರು, ಅವನ ಅಪ್ಪನನ್ನು ಕರೆಸಿದರು. ಆದರೆ ಕೆಮಿಸ್ಟ್ರಿ ಕಲಿಸುವ ಮೇಡಂ ಒಬ್ಬರಿದ್ದರು, ಗಂಗಾವತಿಯವರು, ನಮ್ಮಲ್ಲೇ ಓದಿ ನಮ್ಮಲ್ಲೇ ಲೆಕ್ಚರರ್ ಆದವರು. ಅವರಿಗೆ ಅಷ್ಟು ಸಾಕಾಗಲಿಲ್ಲ. ಜಗ್ಗಿದವನು ಒಬ್ಬ, ನೋಡುತ್ತಾ ನಿಂತವರು ನಲವತ್ತು ಎಂದು ಅವರ ವಾದ. ಆ ವರ್ಷ ಅವರು ಗಂಡುಹುಡುಗರದೇ ಒಂದು ಗುಂಪು ಕಟ್ಟಿದ್ದರು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ನಿಲ್ಲಬೇಕಾದರೆ ಗಂಡಸರೇ ಗಂಡಸರಿಗೆ ಹೇಳಬೇಕು, ಪಕ್ಕದಲ್ಲಿ ಕೂತವನು ಬಾಯಿ ಬಿಡಬೇಕು ಎಂದು ಪ್ರತಿ ಶನಿವಾರ ಚಾರ್ಟು ಅಂಟಿಸಿ ಹೇಳುತ್ತಿದ್ದರು. ಹುಡುಗರು ಹಾಜರಿ ಹಾಕಿಸಿಕೊಂಡು ನನ್ನ ಕಲ್ಲಿಗೆ ಬಂದು ಕೂರುತ್ತಿದ್ದರು. ಹುಡುಗರು ನನ್ನ ಮಾತು ಕೇಳುತ್ತಾರೆಂದು ಮೇಡಂ ನನ್ನನ್ನೇ ಸಭೆಗೆ ಕರೆದರು.

ಒಗೆದ ಧೋತರ ಉಟ್ಟು, ವೇದಿಕೆಯ ಕುರ್ಚಿಯಲ್ಲಿ ಕೂತೆ. ಎರಡು ಚಾಷ್ಟಿ ಮಾಡಿದೆ. ಹಾಲು ಕುದಿದು ಉಕ್ಕಿದ ಹಾಗೆ ನಗು. ಚಾರ್ಟಿನಿಂದ ಆಗದ ಕೆಲಸ ನನ್ನಿಂದ ಆಯಿತು ಎನ್ನುವಷ್ಟರಲ್ಲಿ ಮೇಡಂ ಎದ್ದರು. ತಾವು ಹುಡುಗಿಯ ಮನೆಗೆ ಹೋಗಿದ್ದಾಗಿ ಹೇಳಿದರು. ಅಪ್ಪ ಇನ್ನು ಕಳಿಸುವುದಿಲ್ಲ ಎನ್ನುತ್ತಾನೆ, ಪರೀಕ್ಷೆ ಹೋಗುತ್ತದೆ. ವೇಲು ಜಗ್ಗಿದ್ದು ಒಂದು ಗಳಿಗೆ, ಆ ಹೆಸರು ವರ್ಷವಿಡೀ ಜಗ್ಗಿತು ಎಂದು ಹುಡುಗಿ ಹೇಳಿದ್ದಾಳೆ. ಆ ಹೆಸರು ಇಟ್ಟವರು ಯಾರು ಎಂದು ಕೇಳಿದರು.

ಯಾರೂ ನನ್ನ ಕಡೆ ನೋಡಲಿಲ್ಲ, ಅದರಲ್ಲೇ ಗೊತ್ತಾಗುವಂತಿತ್ತು. ಕೊನೆಗೆ ನಮ್ಮ ಕುಷ್ಟಗಿಯವನೇ ಒಬ್ಬ, ದಿನಾ ಕಲ್ಲಿನ ಮೊದಲ ಜಾಗ ಹಿಡಿಯುವ ಉದ್ದನೆಯ ಹುಡುಗ, ಎದ್ದು ನಿಂತ.

"ಕಾಕಾ ಇಟ್ಟಾರ್ರಿ ಮೇಡಂ. ನಮಗೆಲ್ಲ ಮಿರ್ಚಿನೂ ಕೊಟ್ಟಿದ್ರು."

ನನಗೆ ಸಿಟ್ಟು ಬಂತು. "ಹೆಸರು ಇಟ್ಟೀನಿ ಖರೆ. ವೇಲ್ ಜಗ್ಗಂತ ಹೇಳೀನೇನಲೇ?"

"ಹೇಳಿಲ್ರಿ. ಆದ್ರ ಜಗ್ಗಿದವ ಮೊದ್ಲ ನಿಮ್ಮ ಮಾರಿ ನೋಡಿದ. ನೀವು ನಕ್ಕ್ರಿ ಕಾಕಾ. ನೀವು ನಕ್ಕಿದ್ದಕ್ಕ ನಾವೂ ನಕ್ವಿ."

ನಾನು ವೇದಿಕೆಯಿಂದ ಇಳಿದು ಹಿಂದಿನ ಬೆಂಚಿನ ಮೇಲೆ ಕೂತೆ. ಸಭೆ ಮುಗಿದ ಮೇಲೆ ಮೇಡಂ ಚಾರ್ಟು ಸುತ್ತುತ್ತಾ ಮೆಲ್ಲಗೆ ಕೇಳಿದರು: "ಕಾಕಾ, ನನಗೂ ಒಂದು ಹೆಸರು ಇಟ್ಟಿದ್ರಿ. ನೆನಪೈತೇನ್ರಿ?"

ಎಷ್ಟು ತಡಕಿದರೂ ನೆನಪಾಗಲಿಲ್ಲ. "ನೆನಪಿಲ್ಲಂದ್ರ ಛಲೋನ ಆತು ಬಿಡ್ರಿ. ಮೂರು ವರ್ಷ ನಾ ಹಿಂದಿನ ಗೇಟ್‌ಲೆ ಬಂದೀನಿ" ಎಂದರು. ಆ ಹೆಸರು ಏನೆಂದು ಇವತ್ತಿನವರೆಗೂ ಹೇಳಿಲ್ಲ.

ಮರುವಾರ ಅಂಗಡಿ ಮುಚ್ಚಿ ಯಲಬುರ್ಗಾ ಬಸ್ಸು ಹತ್ತಿದೆ. ಹುಡುಗಿಯ ಅಪ್ಪ ಕುರಿ ಸಾಕಿದ ಮನುಷ್ಯ. ನಾನು ಯಾರೆಂದು ತಿಳಿದ ಮೇಲೂ ನೀರು ಕೊಟ್ಟು, ಕಟ್ಟೆಯ ಮೇಲೆ ಕೂರಿಸಿದ. ತಪ್ಪಾಯಿತು ಎಂದೆ. ಅವನು ಕುರಿಗಳ ಕಡೆ ನೋಡಿದ. ಬಾಗಿಲಲ್ಲಿ ನಿಂತ ಹುಡುಗಿ ಮಾತಾಡಿದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

"ಇಲ್ಲಿ ನನಗ ಯಾರೂ ಆ ಹೆಸರ್ಲೆ ಕರಿಯಂಗಿಲ್ಲ. ಇಲ್ಲಿ ಬಂದು ಹೇಳಿದ್ರ ಏನು ಬಂತ್ರಿ? ಎಲ್ಲಿ ಇಟ್ಟೀರಿ, ಅಲ್ಲೇ ತಗೀರಿ."

ಅಪ್ಪ ಮಾತು ಮುಗಿಸಿದ. "ಸೋಮವಾರ ನಾನೂ ಬರ್ತೀನಿ. ಒಂದು ಸೀಟಿ ಕಿವಿಗೆ ಬಿತ್ತಂದ್ರ ತಿರುಗೋ ಬಸ್ಸಿಗೆ ಕರಕೊಂಡು ಬರ್ತೀನಿ. ಪರೀಕ್ಷಾನೂ ಬ್ಯಾಡ, ಏನೂ ಬ್ಯಾಡ."

ಶನಿವಾರ ಹುಡುಗರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳದೊಂದೇ ಅಲ್ಲ, ನಾನಿಟ್ಟ ಹೆಸರುಗಳೆಲ್ಲ ಅವತ್ತಿನಿಂದ ರದ್ದು ಎಂದೆ. ಬಣ್ಣಬಣ್ಣದ ಅಂಗಿ ತೊಟ್ಟು ಸೆಟೆದು ನಿಲ್ಲುತ್ತಿದ್ದ 'ಕಿನ್ನಾಳ ಗೊಂಬೆ' ಮಾತ್ರ, "ನಂದು ಇರಲಿ ಕಾಕಾ, ನಮ್ಮವ್ವನೂ ಹಂಗ ಕರಿತಾಳ" ಎಂದು ಬೇಡಿಕೊಂಡ. ಒಪ್ಪಲಿಲ್ಲ. ಹಾಗಾದರೆ ಇವರನ್ನು ಏನೆಂದು ಕರೆಯುವುದು? ಆಗ ತಿಳಿಯಿತು, ದಿನಾ ನನ್ನ ಕೈಯಿಂದ ತಿನ್ನುವ ಹುಡುಗರಲ್ಲಿ ಒಬ್ಬನ ನಿಜವಾದ ಹೆಸರೂ ನನಗೆ ಗೊತ್ತಿರಲಿಲ್ಲ. ಹುಡುಗಿಯದಂತೂ ಇಲ್ಲವೇ ಇಲ್ಲ. ಮೇಡಂ ಹತ್ತಿರ ಹೋಗಿ ಕೇಳಿಕೊಂಡು ಬಂದೆ, ಮರೆಯಬಾರದೆಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಾ.

ಸೋಮವಾರ ಬಸ್ಸು ಬಂತು. ಅಪ್ಪ ಮೊದಲು ಇಳಿದ, ಹಿಂದೆ ಹುಡುಗಿ. ಕಲ್ಲಿನ ಮೇಲೆ ಜನ ತುಂಬಿದ್ದರೂ ಎಣ್ಣೆಯ ಚುರ್ ಎನ್ನುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವರು ರಸ್ತೆ ದಾಟುವಾಗ ಸೀಟಿ ಬಂತು. ಗೇಟಿನ ಪಕ್ಕದಲ್ಲಿ ಬೈಕಿನ ಮೇಲೆ ಕೂತಿದ್ದ ಒಬ್ಬ. ನನ್ನ ಗಿರಾಕಿಯಲ್ಲ, ಸಭೆಗೆ ಬಂದವನೂ ಅಲ್ಲ. ಅಪ್ಪ ಅಲ್ಲೇ ನಿಂತ. ಮಗಳ ರಟ್ಟೆ ಹಿಡಿದ.

ಕಲ್ಲಿನ ಮೇಲಿದ್ದವರಲ್ಲಿ ಒಬ್ಬನೂ ಸೀಟಿ ಹೊಡೆದವನನ್ನು ನೋಡಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ಮಿರ್ಚಿ ಎತ್ತುವ ಝಾರಿ ಕೆಳಗಿಟ್ಟೆ. ನಗಲಿಲ್ಲ. ಕುಷ್ಟಗಿಯ ಹುಡುಗ ಎದ್ದು, ಸಾವಕಾಶವಾಗಿ ಹೋಗಿ ಬೈಕಿನ ಹ್ಯಾಂಡಲ್ ಮೇಲೆ ಕೈ ಇಟ್ಟ. ಬಡಿಯಲಿಲ್ಲ, ಬೈಯಲೂ ಇಲ್ಲ. "ಅದು ಮುಗದೈತಿ ದೋಸ್ತ. ಇಲ್ಲಿ ಯಾರೂ ನಗಂಗಿಲ್ಲ" ಎಂದ. ಇನ್ನಿಬ್ಬರು ಹೋಗಿ ಅವನ ಪಕ್ಕ ನಿಂತರು. ಬೈಕಿನವನು ಕಲ್ಲಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಗಾಡಿ ಶುರು ಮಾಡಿಕೊಂಡು ಹೋದ.

ನಾನು ರಸ್ತೆಗೆ ಇಳಿದು, ನೋಟಿಸು ಓದುತ್ತಿದ್ದ ಕಾಲದ ದನಿಯಲ್ಲಿ ಹೇಳಿದೆ: ಈ ಹುಡುಗಿಗೆ ಅಡ್ಡಹೆಸರಿಟ್ಟವನು ನಾನು, ಅವಳು ಬಿದ್ದಾಗ ನಕ್ಕವನೂ ನಾನು, ಎರಡೂ ತಪ್ಪು, ಹೆಸರು ತೆಗೆದಿದ್ದೇನೆ. ಆಮೇಲೆ ಅವಳ ಸ್ವಂತ ಹೆಸರು ಹಿಡಿದು, "ಒಳಗ ಹೋಗವ್ವಾ, ಗಂಟಿ ಹೊಡೀತೈತಿ" ಎಂದೆ.

ಅಪ್ಪ ರಟ್ಟೆ ಬಿಟ್ಟ. ಗಂಟೆ ಹೊಡೆಯಿತು. ಅವಳು ಓಡಲಿಲ್ಲ, ತಡವಾದರೂ ನಡೆದೇ ಹೋದಳು.

ಅಪ್ಪ ಕಲ್ಲಿನ ಮೇಲೆ ಕೂತು ಮಧ್ಯಾಹ್ನದವರೆಗೂ ಗೇಟು ಕಾದ. ಎರಡು ಸಲ ಚಹಾ ಕುಡಿದ. ಮಿರ್ಚಿ ಕೊಟ್ಟರೆ ಖಾರ ಕಡಿಮೆ ಎಂದ. ಅಂಥ ಮಾತನ್ನು ನಾನು ಯಾರಿಂದಲೂ ಕೇಳಿರಲಿಲ್ಲ, ಆದರೂ ಇನ್ನೊಂದು ಕೊಟ್ಟೆ. ಎರಡು ಗಂಟೆಯ ಬಸ್ಸಿಗೆ ಅವನು ಒಬ್ಬನೇ ಊರಿಗೆ ಹೋದ.

ಅವಳು ಪರೀಕ್ಷೆ ಬರೆದಳು, ಪಾಸಾದಳು. ನನ್ನ ಅಂಗಡಿಗೆ ಒಂದು ದಿನವೂ ಬರಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಮೇಡಂ ಈಗ ಶನಿವಾರದ ಸಭೆಯನ್ನು ನನ್ನ ಹಾಸುಗಲ್ಲಿನ ಮೇಲೇ ನಡೆಸುತ್ತಾರೆ. ಚಾರ್ಟು ತರುವುದಿಲ್ಲ. ಹುಡುಗಿಯ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಅದು ನಾನು ಇಟ್ಟದ್ದಲ್ಲ.